ತಲೆಯೊಳಗಿನ ಕಾಳು

ಜೋಗೇಶ್ವರಿ ಪೂರ್ವದ ಸಣ್ಣ ಕಾರ್ಖಾನೆಗಳ ಸಾಲಿನಲ್ಲಿದ್ದ ಮೋನಪ್ಪನ ಲಂಚ್ ಹೋಮಿಗೆ ಹೊಸದಾಗಿ ಬಂದವರು ಮೀನಿನ ತಲೆಯ ಸಾರು ತರಿಸಿಕೊಂಡರೆ ಒಂದು ಪ್ರಶ್ನೆ ಕೇಳದೆ ಎದ್ದು ಹೋಗುತ್ತಿರಲಿಲ್ಲ. ಇಲ್ಲಿನ ತಲೆಗಳಿಗೆಲ್ಲ ನೆತ್ತಿಯ ಮೇಲೆ ಕಿಟಕಿ ಯಾಕೆ? ತಟ್ಟೆಗೆ ಬಂದ ಪ್ರತಿಯೊಂದು ತಲೆಗೂ ಚೌಕಾಕಾರವಾಗಿ ಕೊಯ್ದು ಮುಚ್ಚಳ ತೆಗೆದ ಗುರುತು. ಗಲ್ಲಾದ ಹಿಂದೆ ಕೂತ ಮೋನಪ್ಪ ಮುಖದ ಒಂದು ಗೆರೆಯೂ ಅಲ್ಲಾಡದ ಹಾಗೆ ಉತ್ತರ ಕೊಡುತ್ತಿದ್ದ: "ಅದು ಡಾಕ್ಟ್ರು ನೋಡಿ ಪಾಸು ಮಾಡಿದ ಮೀನು ಮಾರಾಯ್ರೆ. ಬೇರೆ ಹೋಟೆಲಲ್ಲಿ ಉಂಟಾ ಹೀಗೆ?"

ಮಾತು ಪೂರಾ ಸುಳ್ಳಲ್ಲ. ಅಡುಗೆಮನೆಯ ಹಿಂದೆ, ತಗಡಿನ ಮಾಡಿನಡಿಯಲ್ಲಿ, ಒಬ್ಬ ಡಾಕ್ಟರು ನಿಜಕ್ಕೂ ಕೂತಿರುತ್ತಿದ್ದರು. ಮನುಷ್ಯರ ಡಾಕ್ಟರಲ್ಲ, ಮೀನಿನ ಮೇಲೆ ಪಿಎಚ್.ಡಿ. ಮಾಡಿದ ಡಾಕ್ಟರು. ಹೆಸರು ಕೌಸಲ್ಯಾ. ಮೈಸೂರು ಕಡೆಯ ವೈದಿಕ ಮನೆತನದ ಹೆಣ್ಣು. ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಣ್ಣ ರಾಮಸ್ವಾಮಿ, ಅತ್ತಿಗೆ ರಮಾಮಣಿಯ ಜೊತೆ ವಾಸ. ವಯಸ್ಸು ಮೂವತ್ತೈದು ದಾಟಿತ್ತು. ಜಾತಕ ಹಿಡಿದು ಅಲೆದು ಚಪ್ಪಲಿ ಸವೆಸಿದ ಅಣ್ಣ ಈಚೆಗೆ ಆ ಮಾತೆತ್ತುವುದನ್ನೇ ಬಿಟ್ಟಿದ್ದ. ಆ ಮನೆಯಲ್ಲಿ ಈರುಳ್ಳಿ ಹೆಚ್ಚಬೇಕಾದರೂ ಪಂಚಾಂಗ ನೋಡಬೇಕು. ಅಂಥ ಮನೆಯವಳು ವಾರಕ್ಕೆರಡು ಬೆಳಗ್ಗೆ ಮೀನೂಟದ ಹೋಟೆಲಿನ ಹಿತ್ತಿಲಲ್ಲಿ ಮಣೆ ಹಾಕಿಕೊಂಡು ಕೂತು ಮೀನಿನ ತಲೆ ಕೊಯ್ಯುತ್ತಾಳೆ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಇತ್ತು. ಆ ಕಾರಣ ಹೇಗೆ ಇಲ್ಲವಾಯಿತು, ಆಮೇಲೆ ಅವಳೇನು ಮಾಡಿದಳು ಎನ್ನುವುದೇ ಇಲ್ಲಿ ಹೇಳಬೇಕಾದ ಮಾತು.

ಕಾಂದಿವಲಿಯಲ್ಲಿ ಅವಳು ಕೆಲಸ ಮಾಡುತ್ತಿದ್ದ ಸಂಶೋಧನಾ ಕೇಂದ್ರದ ಸಿಮೆಂಟು ತೊಟ್ಟಿಗಳಲ್ಲಿ ರೋಹು ಮೀನುಗಳಿದ್ದವು. ಹೊಳೆಯ ಮೀನು ಅದು. ಮಳೆಗಾಲದ ಕೆಂಪು ನೀರು ಏರಿ ಬಂದಾಗ ಹೊಳೆಯಲ್ಲಾದರೆ ತಾನಾಗಿಯೇ ಮೊಟ್ಟೆಯಿಡುತ್ತದೆ. ತೊಟ್ಟಿಯಲ್ಲಿ ಇಡುವುದಿಲ್ಲ. ಹಾಗಂತ ಬಂಜೆಯಲ್ಲ. ಜ್ಯೇಷ್ಠದ ಹೊತ್ತಿಗೆ ಹೆಣ್ಣಿನ ಹೊಟ್ಟೆ ಮೊಟ್ಟೆಯಿಂದ ಬಿರಿಯುವಷ್ಟಾಗುತ್ತದೆ. ಗಂಡು ಪಕ್ಕದಲ್ಲೇ ಈಜುತ್ತಿರುತ್ತದೆ. ಎರಡೂ ಗೋಡೆಯುದ್ದಕ್ಕೆ ಸುಮ್ಮನೆ ಸುತ್ತುತ್ತವೆ, ಒಂದು ಇನ್ನೊಂದನ್ನು ತಿರುಗಿಯೂ ನೋಡುವುದಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮೊಟ್ಟೆಗಳು ಬಂದ ದಾರಿಯಲ್ಲೇ ಮೈಯೊಳಗೆ ಕರಗಿಹೋಗುತ್ತವೆ.

ಇದಕ್ಕೆ ಆಗ ಎಲ್ಲರೂ ಮಾಡುತ್ತಿದ್ದ ಉಪಾಯ ಒಂದೇ. ಇನ್ನೊಂದು ಮೀನಿನ ಮೆದುಳಿನ ಬುಡದಲ್ಲಿ ರಾಗಿಕಾಳಿಗಿಂತ ಸ್ವಲ್ಪ ದೊಡ್ಡದಾದ, ಬೆಳ್ಳಗಿನ ಒಂದು ಗ್ರಂಥಿಯಿರುತ್ತದೆ. ಅದನ್ನು ತೆಗೆದು ಅರೆದು ತೊಟ್ಟಿಯ ಮೀನಿಗೆ ಚುಚ್ಚಬೇಕು. ಆಗ ಮೀನಿಗೆ ಹೊಳೆ ಬಂತೆಂದು ಭ್ರಮೆಯಾಗಿ ಮೊಟ್ಟೆಯಿಡುತ್ತದೆ. ಕಡಲಿನ ಮೀಸೆಮೀನು, ಮುಂಬಯಿಯ ಕೋಳಿ ಎಂಬ ಬೆಸ್ತ ಜನರ ಹೆಂಗಸರು, ಕೋಳಿಗಿತ್ತಿಯರು, ಶಿಂಗಾಳಾ ಅನ್ನುವುದು, ತಲೆ ದೊಡ್ಡದು, ಕಾಳೂ ಒಳ್ಳೆಯದು. ಆದರೆ ಮೀನು ಹಿಡಿದು ಕೆಲವೇ ಗಂಟೆಗಳೊಳಗೆ ತೆಗೆಯಬೇಕು. ಕೌಸಲ್ಯಾ ಮೊದಲು ಮಾರುಕಟ್ಟೆಗೇ ಹೋಗಿ ನೋಡಿದಳು. ಕೊಳ್ಳದೆ ತಲೆ ಮುಟ್ಟಲು ಬಂದ ಈ ಹೆಂಗಸನ್ನು ಕೋಳಿಗಿತ್ತಿಯರು ಮರಾಠಿಯಲ್ಲಿ ಚೆನ್ನಾಗಿ ಬೈದು ಕಳಿಸಿದರು. ಆಗ ದಾರಿ ತೋರಿಸಿದವನು ಕೇಂದ್ರದ ಅಟೆಂಡರ್ ಈರಣ್ಣ. ವಿಜಾಪುರದ ಕಡೆಯವನು, ಮುಂಬಯಿಗೆ ಬಂದಮೇಲೆ ಮೀನು ತಿನ್ನಲು ಕಲಿತು ಅದರಲ್ಲಿ ಈಗ ಪಂಡಿತನಾಗಿದ್ದವನು. "ಅಕ್ಕಾರ, ನಮ್ಮ ಮೋನಪ್ಪಣ್ಣನ ಹೋಟೆಲಿಗಿ ಬರ್ರಿ. ಅಲ್ಲಿ ಮುಂಜಾನೆ ಬುಟ್ಟಿಗಟ್ಟಲೆ ತಲಿ ಬರ್ತಾವ" ಅಂದ.

ಮೋನಪ್ಪ ಮೊದಲ ದಿನ ಅವಳನ್ನು ನೋಡಿ ಗಾಬರಿಯಾದ. ಮುನಿಸಿಪಾಲಿಟಿಯ ತಪಾಸಣೆಯೇನೋ ಅಂದುಕೊಂಡಿದ್ದ.

"ತಲೆ ಬೇಕಾ ಮೇಡಂ?"

"ತಲೆ ಬೇಡ. ತಲೆಯೊಳಗೆ ಒಂದು ಕಾಳಿರುತ್ತೆ, ಅಷ್ಟು ಸಾಕು."

ಅವನು ಒಂದು ಗಳಿಗೆ ಯೋಚಿಸಿ ನಕ್ಕ. "ಹಾಗಾದ್ರೆ ನಮ್ಮ ಜಗಳ ಇಲ್ಲ. ತಲೆ ನಮಗೆ, ಕಾಳು ನಿಮಗೆ."

ಹೀಗೆ ಮೂರು ವರ್ಷ ನಡೆಯಿತು. ಮಂಗಳವಾರ, ಶುಕ್ರವಾರ ಬೆಳಗ್ಗೆ ಅವಳು ಜೋಗೇಶ್ವರಿಯಲ್ಲಿ ಇಳಿಯುವಳು. ಸಣ್ಣ ಗರಗಸದಿಂದ ನೆತ್ತಿ ಕೊಯ್ದು, ಮೆದುಳು ಪಕ್ಕಕ್ಕೆ ಸರಿಸಿ, ಚಿಮಟದಿಂದ ಕಾಳೆತ್ತಿ, ಶುದ್ಧ ಆಲ್ಕೋಹಾಲ್ ತುಂಬಿದ ಶೀಶೆಗೆ ಹಾಕುವಳು. ಕೊಯ್ದ ತಲೆ ಅಡುಗೆಯ ಕಾಂತಪ್ಪನ ಪಾತ್ರೆಗೆ ಹೋಗುವುದು. ಕಿಟಕಿಯೊಳಗೆ ಮಸಾಲೆ ಇಳಿದು ಸಾರಿನ ರುಚಿ ಏರಿತೆಂದು ಗಿರಾಕಿಗಳೇ ಹೇಳತೊಡಗಿದರು. ವಿಜ್ಞಾನದಿಂದ ಮೀನಿಗೆ ಉಪಕಾರ ಆಯಿತೋ ಇಲ್ಲವೋ, ಲಂಚ್ ಹೋಮಿಗಂತೂ ಆಯಿತು.

ಶಿಂಗಾಳದ ತಲೆ ಜಾರುತ್ತದೆ. ಒಬ್ಬರೇ ಹಿಡಿದು ಕೊಯ್ಯಲು ಹೋದರೆ ಬೆರಳು ಕೊಯ್ದುಕೊಳ್ಳಬೇಕು. ಮೊದಲೆರಡು ವಾರ ಕಾಂತಪ್ಪ ಹಿಡಿದುಕೊಳ್ಳುತ್ತಿದ್ದ. ಆಮೇಲೆ ಯಾವಾಗಿನಿಂದಲೋ ಗಲ್ಲಾ ಬಿಟ್ಟು ಮೋನಪ್ಪನೇ ಬಂದು ಎದುರಿಗೆ ಕೂರತೊಡಗಿದ. ಯಾಕೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನು ಎರಡು ಕೈಯಲ್ಲಿ ತಲೆ ಹಿಡಿಯುವನು, ಅವಳು ಕೊಯ್ಯುವಳು. ನಾಲ್ಕು ಕೈಗಳ ನಡುವೆ ಒಂದು ಮೀನಿನ ತಲೆಯಷ್ಟೇ ಜಾಗ. ಮೂರು ವರ್ಷದಲ್ಲಿ ಅವನ ಬೆರಳು ಅವಳ ಬೆರಳಿಗೆ ಒಂದು ಸಲವೂ ತಾಗಲಿಲ್ಲ. ತಾಗದಂತೆ ಇಬ್ಬರೂ ಎಷ್ಟು ಎಚ್ಚರಿಕೆ ವಹಿಸುತ್ತಿದ್ದರೆಂದರೆ, ಏನೂ ಇಲ್ಲದವರು ಅಷ್ಟು ಎಚ್ಚರಿಕೆ ವಹಿಸುವುದಿಲ್ಲ.

ಕೊಯ್ಯುವಷ್ಟು ಹೊತ್ತು ಮಾತು. ಮೋನಪ್ಪನಿಗೆ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮೂಲ್ಕಿಯ ಹತ್ತಿರದ ಊರು. ಅವರಲ್ಲಿ ಅಳಿಯಕಟ್ಟು. ಅಕ್ಕತಂಗಿಯರ ಮಕ್ಕಳ ಹೊಣೆ ಸೋದರಮಾವನದು. ಮೊದಲು ತಂಗಿಯರ ಮದುವೆ ಮಾಡಿದ. ಮುಗಿಯಿತು ಅನ್ನುವಷ್ಟರಲ್ಲಿ ಅಕ್ಕ ನೀಲಾವತಿಯ ಹೆಣ್ಣುಮಕ್ಕಳು ದೊಡ್ಡವರಾದರು. "ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಅಂದ್ರೆ ಕಡಲಿನ ಅಲೆಯ ಹಾಗೆ ಮೇಡಂ. ಒಂದು ದಾಟಿದ್ರೆ ಹಿಂದಿನಿಂದ ಇನ್ನೊಂದು ಉಂಟು" ಎಂದು ನಗುತ್ತಿದ್ದ. ಕೌಸಲ್ಯಾ ಗರಗಸದ ಮೇಲೆ ಕಣ್ಣಿಟ್ಟು "ಇದನ್ನ ಸ್ವಲ್ಪ ಬಲಕ್ಕೆ ತಿರುಗಿಸಿ" ಅನ್ನುತ್ತಿದ್ದಳು.

ಅವಳಿಗೆ ಮಳೆಗಾಲ ಕಂಡರೆ ಆಗುತ್ತಿರಲಿಲ್ಲ. ಮೀನಿನ ಸಂಶೋಧಕಿಗೆ ಇಂಥ ಮಾತು ಒಪ್ಪುವಂಥದ್ದಲ್ಲ, ಅವಳ ವರ್ಷದ ಕೆಲಸವೆಲ್ಲ ನಡೆಯುವುದೇ ಆಗ. ಆದರೆ ಮಳೆ ಹಿಡಿದರೆ ದೋಣಿಗಳು ಕಡಲಿಗಿಳಿಯುವುದಿಲ್ಲ. ಶ್ರಾವಣದ ನಾರಳಿ ಪೂರ್ಣಿಮೆಗೆ ಕೋಳಿ ಬೆಸ್ತರು ತೆಂಗಿನಕಾಯಿ ಅರ್ಪಿಸಿ ಕಡಲು ತೆರೆಯುವ ತನಕ ಶಿಂಗಾಳಾ ಇಲ್ಲ, ತಲೆ ಇಲ್ಲ, ಹಿತ್ತಿಲಿನ ಮಣೆ ಇಲ್ಲ. ಮೊದಲೇ ತೆಗೆದಿಟ್ಟ ಕಾಳುಗಳಲ್ಲಿ ಕೆಲಸ ಸಾಗಬೇಕು. ಆ ಎರಡು ಮೂರು ತಿಂಗಳು ಅವಳ ಗಾಡಿ ಜೋಗೇಶ್ವರಿಯಲ್ಲಿ ನಿಂತು ಹೊರಡುತ್ತಿತ್ತು, ಅವಳು ಲೇಡೀಸ್ ಡಬ್ಬದ ಸರಳು ಹಿಡಿದು ನಿಂತೇ ಇರುತ್ತಿದ್ದಳು. ಹುಣ್ಣಿಮೆ ಕಳೆದ ಮೊದಲ ಶುಕ್ರವಾರ ಇಳಿಯುವಾಗ ಕಾಲು ಪ್ಲಾಟ್‌ಫಾರ್ಮಿಗೆ ತಾಕುವ ಮೊದಲೇ ಎದೆ ಹಾರುತ್ತಿತ್ತು. ಇದಕ್ಕೆ ಹೆಸರೇನೆಂದು ಅವಳು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಹೆಸರಿಟ್ಟರೆ ಅದಕ್ಕೆ ಜಾತಿ, ಭಾಷೆ, ಅಣ್ಣನ ಮುಖ ಎಲ್ಲ ಅಂಟಿಕೊಳ್ಳುತ್ತವೆ. ಕಾಳು ತರಲು ಹೋಗುತ್ತೇನೆ ಎಂಬ ಮಾತಿಗೆ ಏನೂ ಅಂಟುವುದಿಲ್ಲ.

ಎಂಬತ್ತೊಂಬತ್ತನೆಯ ಇಸವಿಯ ಬೇಸಿಗೆಯಲ್ಲಿ ಡೈರೆಕ್ಟರು ಅವಳಿಗೊಂದು ಹೊಸ ಕೆಲಸ ಒಪ್ಪಿಸಿದರು: ಕಾಳಿಲ್ಲದೆ, ಔಷಧಿಯಿಂದಲೇ ಮೊಟ್ಟೆಯಿಡಿಸುವುದು. ಹೊರದೇಶಗಳಲ್ಲಿ ಆಗಲೇ ಮಾಡಿ ನೋಡಿದ್ದರಂತೆ. ಯಶಸ್ವಿಯಾದರೆ ಇನ್ನು ಯಾವ ಮೀನಿನ ತಲೆಯನ್ನೂ ಕೊಯ್ಯಬೇಕಾಗಿಲ್ಲ. ಕೌಸಲ್ಯಾ ಹದಿಮೂರು ವರ್ಷ ಓದಿ ದುಡಿದದ್ದು ಇಂಥದೊಂದಕ್ಕೇ. ಇಡೀ ದೇಶದ ಮೀನು ಸಾಕುವವರಿಗೆ ಉಪಯೋಗವಾಗುವ ಕೆಲಸ, ಅವಳ ಹೆಸರಿನಲ್ಲಿ. ಡೈರೆಕ್ಟರ ಕೋಣೆಯಿಂದ ಹೊರಗೆ ಬಂದವಳಿಗೆ ಸಂತೋಷವಾಗಬೇಕಿತ್ತು. ಅವಳು ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡಳು.

ಆ ಶುಕ್ರವಾರ ತಲೆ ಹಿಡಿದು ಕೂತಿದ್ದ ಮೋನಪ್ಪನೇ ಕೇಳಿದ. "ಎಂತ ಮೇಡಂ, ಇವತ್ತು ಮಾತಿಲ್ಲ?"

ಅವಳು ಹೇಳಿದಳು. ಅವನಿಗೆ ತಿಳಿಯುವ ಹಾಗೆ ಹೇಳುತ್ತಾ ಹೇಳುತ್ತಾ ತನಗೂ ಅದು ಹೊಸದಾಗಿ ತಿಳಿಯುತ್ತಿದೆ ಅನ್ನಿಸಿತು.

"ನೋಡಿ, ನಾವಿಷ್ಟು ದಿನ ತೊಟ್ಟಿ ಮೀನಿಗೆ ಏನೋ ಕಮ್ಮಿ ಇದೆ, ಹೊರಗಿಂದ ಕೊಡಬೇಕು ಅಂದ್ಕೊಂಡಿದ್ವಿ. ಹಾಗಲ್ವಂತೆ. ಎಲ್ಲಾ ಅದರೊಳಗೇ ಇದೆ. ಮೊಟ್ಟೆ ಇಡು ಅಂತ ಹೇಳೋ ಕೋಶಗಳು ಮೆದುಳಿನ ಬುಡದಲ್ಲಿ ತಯಾರಾಗೇ ಕೂತಿರ್ತವೆ. ಆದ್ರೆ ಆ ಕೋಶಗಳ ಮೈಮೇಲೆ ಒಂದು ಥರದ ಬೀಗ ಇರುತ್ತೆ, ರಿಸೆಪ್ಟರ್ ಅಂತೀವಿ. ಮೆದುಳಿನಿಂದ ಡೋಪಮೀನ್ ಅನ್ನೋ ಒಂದು ರಸ ಬಂದು ಅದರಲ್ಲಿ ಕೂತ್ಕೊಳ್ಳುತ್ತೆ. ಕೂತ್ರೆ ಕೋಶ ಸುಮ್ಮನಾಗುತ್ತೆ. ಎಷ್ಟು ವರ್ಷ ಬೇಕಾದ್ರೂ ಸುಮ್ಮನಿರುತ್ತೆ."

"ಅಂದ್ರೆ ಇಂಜಿನ್ ಸರಿ ಉಂಟು. ಬ್ರೇಕ್ ಬಿಡ್ಲಿಲ್ಲ."

"ಏಕ್‌ದಮ್ ಹಾಗೇ. ನಾವು ಆ ರಸ ಬರೋ ಮೊದಲೇ ಒಂದು ಔಷಧಿ ಕೊಟ್ಟು ಆ ಜಾಗ ತುಂಬಿಸಿಬಿಡ್ತೀವಿ. ಜೊತೆಗೆ ಸ್ವಲ್ಪ ಹಾರ್ಮೋನು. ಆಮೇಲೆ ಮೀನು ತನ್ನದೇ ಕಾಳಿನಿಂದ ತಾನೇ ಮೊಟ್ಟೆ ಇಡುತ್ತೆ."

ಮೋನಪ್ಪ ಕೈಯಲ್ಲಿದ್ದ ತಲೆಯನ್ನೇ ನೋಡುತ್ತಿದ್ದ. "ದೇವರು ಆ ಬ್ರೇಕ್ ಇಟ್ಟದ್ದು ಯಾಕೆ ಮತ್ತೆ?"

"ಕಾಲವಲ್ಲದ ಕಾಲದಲ್ಲಿ ಇಟ್ರೆ ಮರಿ ಬದುಕಲ್ಲವಲ್ಲ. ಹೊಳೆ ಬರಲಿ ಅಂತ ತಡೆದು ಇಟ್ಕೊಂಡಿರುತ್ತೆ."

"ಹೊಳೆ ಬರ್ಲಿಕ್ಕೇ ಇಲ್ದಿದ್ರೆ?"

ಗರಗಸ ನಿಂತಿತ್ತು. ಅವನೇ ಮತ್ತೆ ಕೇಳಿದ, ದನಿ ಸ್ವಲ್ಪ ತಗ್ಗಿಸಿ: "ಇದು ಆದ್ರೆ ನಮ್ಮ ತಲೆ ಬೇಡ ಅಲ್ವಾ ನಿಮಗೆ?"

"ಆಗೋದು ಕಷ್ಟ" ಅಂದಳು ಕೌಸಲ್ಯಾ. ತಾನು ಬಯಸಿದ್ದೂ ಅದೇ ಎಂದು ಅವಳಿಗೆ ಆಗಲೇ ಗೊತ್ತಾಯಿತು. ತನ್ನ ಕೆಲಸ ಕೆಡಲಿ ಎಂದು ಹಾರೈಸುವ ಸಂಶೋಧಕಿಯನ್ನು ನೀವು ಕಂಡಿದ್ದೀರಾ? ಆ ಬೇಸಿಗೆ ಅವಳು ಎರಡು ಮನಸ್ಸು ಹೊತ್ತುಕೊಂಡು ಲೋಕಲ್ ಹತ್ತಿ ಇಳಿಯುತ್ತಿದ್ದಳು. ಕೆಲಸ ಆಗಬೇಕು ಎನ್ನುವುದು ಒಂದು, ಆಗಬಾರದು ಎನ್ನುವುದು ಇನ್ನೊಂದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಪಾಡು.

ಆ ಔಷಧಿಯೆಂದರೆ ಹಿಮಾಲಯದಿಂದ ತರುವ ಮೂಲಿಕೆಯಲ್ಲ. ಗಲ್ಲಿಗಲ್ಲಿಯ ಮೆಡಿಕಲ್ ಸ್ಟೋರಿನಲ್ಲಿ ಸಿಗುವ ವಾಂತಿಯ ಮಾತ್ರೆ. ಮನುಷ್ಯರಿಗೆ ಹೊಟ್ಟೆ ತೊಳೆಸುವುದನ್ನು ನಿಲ್ಲಿಸುವುದೂ ಅದೇ ರಿಸೆಪ್ಟರನ್ನು ಮುಚ್ಚಿ. ಶುದ್ಧ ಪುಡಿ ತರಿಸಲು ಕೇಂದ್ರದ ಕಾಗದಪತ್ರ ಮುಗಿಯುವ ತನಕ ಕೌಸಲ್ಯಾ ಮಾತ್ರೆಯನ್ನೇ ಕೊಂಡು ಅರೆದು ಅಳತೆ ನೋಡುತ್ತಿದ್ದಳು. ಎಲ್ಲ ಒಂದೇ ಅಂಗಡಿಯಲ್ಲಿ ಕೇಳಿದರೆ ನಾಚಿಕೆಯೆಂದು ದಾದರಿನಲ್ಲಿ ಸ್ವಲ್ಪ, ಕಾಂದಿವಲಿಯಲ್ಲಿ ಸ್ವಲ್ಪ.

ಜೂನ್ ತಿಂಗಳ ಒಂದು ಭಾನುವಾರ ರಮಾಮಣಿ ಒಗೆಯಲು ಹಾಕೋಣವೆಂದು ನಾದಿನಿಯ ಬಟ್ಟೆಯ ಚೀಲ ಕೊಡವಿದಳು. ಮುಷ್ಟಿ ತುಂಬುವಷ್ಟು ಮಾತ್ರೆಯ ಪಟ್ಟಿಗಳು ಉದುರಿದವು. ರಮಾಮಣಿಗೆ ಆ ಹೆಸರಿನ ಪರಿಚಯವಿತ್ತು, ತಿರುಪತಿ ಬೆಟ್ಟದ ಬಸ್ಸಿನಲ್ಲಿ ತಾನೇ ನುಂಗಿದ್ದಳು. ಮದುವೆಯಾಗದ ನಾದಿನಿ, ಚೀಲದ ತುಂಬ ವಾಂತಿಯ ಮಾತ್ರೆ, ಈಚೆಗೆ ಊಟ ಬೇರೆ ಸೇರುತ್ತಿಲ್ಲ. ಎರಡಕ್ಕೆ ಎರಡು ಸೇರಿಸಿ ರಮಾಮಣಿ ತೊಟ್ಟಿಲಿನವರೆಗೂ ಹೋಗಿಬಿಟ್ಟಳು. ಗಂಡ ತರಕಾರಿಗೆ ಹೋದ ಸಮಯ ನೋಡಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಕೌಸಲ್ಯಾಳ ಮುಂದೆ ಆ ಪಟ್ಟಿಗಳನ್ನು ಇಟ್ಟು, ದನಿ ತಗ್ಗಿಸಿ ಕೇಳಿದಳು:

"ನಿಮ್ಮಣ್ಣಂಗೆ ನಾನು ಹೇಳಲ್ಲ ಕಣೇ. ನಿಜ ಹೇಳಿಬಿಡು. ಯಾರು ಅವನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾವ ತಪ್ಪೂ ಮಾಡದ ಕೌಸಲ್ಯಾಳ ಕಣ್ಣ ಮುಂದೆ ಆ ಕ್ಷಣ ಒಂದು ಮುಖ ಬಂದು ನಿಂತಿತು. ಮಡಚಿದ ತೋಳಿನ ಬಿಳಿ ಅಂಗಿ, ಮೊಣಕೈಗೆ ಅಂಟಿದ ಮೀನಿನ ಲೋಳೆ, ತಲೆ ಹಿಡಿದುಕೊಂಡು ಕೆಳಗೆ ನೋಡುವ ಕಣ್ಣುಗಳು. ಬಾಯಿ ತೆರೆದಿದ್ದರೆ ಹೆಸರೇ ಬಂದುಬಿಡುತ್ತಿತ್ತು. ಅವಳು ಎಷ್ಟು ಹೊತ್ತು ಹಾಗೆ ನಿಂತಿದ್ದಳೋ, ಒಲೆಯ ಮೇಲಿನ ಹಾಲು ಉಕ್ಕಿತು. ಆಮೇಲೆ ಅತ್ತಿಗೆ ಕೇಳಿದ್ದೇನು, ಯಾಕೆ ಎಂದು ಹೊಳೆದು ನಗು ಬಂತು, ನಗುವಿನ ಜೊತೆ ಕಣ್ಣೀರೂ ಬಂತು.

"ಮೀನಿಗೆ ಅತ್ತಿಗೆ! ಮಾತ್ರೆ ಮೀನಿಗೆ!"

"ಮೀನಿಗೆ ವಾಂತಿಯೇನೇ?"

ಎಲ್ಲ ಬಿಡಿಸಿ ಹೇಳಿದ ಮೇಲೆ ರಮಾಮಣಿ ದೇವರ ಮನೆಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡಳು. ಚೆಲ್ಲಿದ ಹಾಲು ಒರೆಸುತ್ತಾ ತಾನೂ ನಕ್ಕಳು. ನಕ್ಕು ಮುಗಿಸಿ, ಒರೆಸುವ ಬಟ್ಟೆ ಹಿಂಡುತ್ತಾ, ನಾದಿನಿಯ ಮುಖ ನೋಡದೆ ಅಂದಳು: "ಮೀನಿಗೆ ಅಂತ ಹೇಳೋಕ್ಕೆ ಇಷ್ಟು ಹೊತ್ತು ಬೇಕಾಯ್ತಾ? ನಾನು ಕೇಳಿದ್ದಕ್ಕೆ ಯಾರೂ ಇಲ್ಲ ಅಂತ ಮಾತ್ರ ನೀನು ಹೇಳಲಿಲ್ಲ ಕಣೇ, ಕೌಸಲ್ಯಾ."

ರಮಾಮಣಿ ಪೆದ್ದಿ ಎಂದುಕೊಂಡವರು ಅವಳ ಮನೆಯಲ್ಲಿ ಹೆಚ್ಚು ದಿನ ಇದ್ದವರಲ್ಲ.

ಜುಲೈಯಲ್ಲಿ ಪ್ರಯೋಗ ನಡೆಯಿತು. ಒಂದು ತೊಟ್ಟಿಯ ಮೀನುಗಳಿಗೆ ಹೊಸ ಔಷಧಿ, ಇನ್ನೊಂದಕ್ಕೆ ಹಳೆಯ ಕಾಳಿನ ರಸ, ಮೂರನೆಯದಕ್ಕೆ ಬರೀ ಉಪ್ಪುನೀರು. ಸಂಜೆ ಚುಚ್ಚಿ ಕೌಸಲ್ಯಾ ಮನೆಗೆ ಹೋದಳು. ಮರುದಿನ ಧೋ ಎಂದು ಸುರಿಯುವ ಮಳೆಯಲ್ಲಿ ಅವಳು ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಈರಣ್ಣ ಕೊಡೆಯೂ ಇಲ್ಲದೆ ಓಡಿಬಂದ.

"ಅಕ್ಕಾರ, ಹಾಕ್ಯಾವ್ರೀ, ತತ್ತಿ ಹಾಕ್ಯಾವ! ಬೆಳಕು ಹರಿಯೂದ್ರಾಗ ಏನ್ ಗದ್ದಲರೀ ಅವು, ಗಂಡು ಹೆಣ್ಣಿನ ಬೆನ್ನು ಹತ್ತಿ ಹೊಟ್ಟಿಗೆ ಹೊಟ್ಟಿ ತಿಕ್ಕಿ, ತೊಟ್ಟಿ ನೀರೆಲ್ಲಾ ಹೊರಗ ಚೆಲ್ಲ್ಯಾವ!"

ಅವಳು ತೊಟ್ಟಿಯ ಅಂಚಿಗೆ ಬಗ್ಗಿದಳು. ನೀರಿನ ತುಂಬ ಮೊಟ್ಟೆ, ನೆನೆಹಾಕಿದ ಸಬ್ಬಕ್ಕಿಯಂತೆ ಉಬ್ಬಿ ತಳದಲ್ಲಿ ಹೊರಳುತ್ತಿದ್ದವು. ನಿನ್ನೆಯವರೆಗೂ ಮುಖ ತಿರುಗಿಸಿಕೊಂಡಿದ್ದ ಎರಡು ಮೀನುಗಳು ದಣಿದು ಪಕ್ಕಪಕ್ಕದಲ್ಲಿ ನಿಂತಿದ್ದವು. ಹೊಳೆ ಬಂದಿರಲಿಲ್ಲ. ಬೇರೆ ಯಾವ ಮೀನಿನ ತಲೆಯನ್ನೂ ಅವುಗಳಿಗಾಗಿ ಕೊಯ್ದಿರಲಿಲ್ಲ. ಮೆದುಳಿನ ಬುಡದ ಕೋಶಗಳ ಮೇಲಿನ ಒಂದು ತಡೆ ತೆಗೆದದ್ದಕ್ಕೆ, ಇಷ್ಟು ದಿನ ಸದ್ದಿಲ್ಲದೆ ಕೂತಿದ್ದ ಕೋಶಗಳೆಲ್ಲ ಎದ್ದು, ಮೀನಿನ ನಡತೆಯೇ ಬದಲಾಗಿ, ಎರಡು ಜೀವ ಒಂದನ್ನೊಂದು ಕಂಡವು. ಕೌಸಲ್ಯಾ ಮಳೆಯಲ್ಲಿ ನೆನೆಯುತ್ತಾ ಅಲ್ಲೇ ಅತ್ತಳು. ಅಕ್ಕಾರಿಗೆ ಸಂತೋಷವಾಗಿದೆ ಎಂದುಕೊಂಡು ಈರಣ್ಣ ಚಹಾ ತರಲು ಹೋದ. ಸಂತೋಷವೂ ಇತ್ತು, ಇಲ್ಲವೆನ್ನುವುದು ಸುಳ್ಳಾದೀತು.

ಡೈರೆಕ್ಟರು ಪೇಢೆ ಹಂಚಿದರು. "ಇನ್ನು ಆ ತಲೆ ಕೊಯ್ಯೋ ಕೆಲಸಕ್ಕೆ ಛುಟ್ಟಿ, ಕೌಸಲ್ಯಾಜೀ" ಅಂದರು, ಉಪಕಾರ ಮಾಡಿದ ಹಾಗೆ.

ನಾರಳಿ ಪೂರ್ಣಿಮೆ ಬಂತು, ಕಡಲು ತೆರೆಯಿತು. ಮೊದಲ ಶುಕ್ರವಾರ ಕೌಸಲ್ಯಾ ಎಂದಿನ ಗಾಡಿ ಹಿಡಿದಳು. ಜೋಗೇಶ್ವರಿಯಲ್ಲಿ ಇಳಿಯುವವರು ಅವಳನ್ನು ನೂಕಿಕೊಂಡು ಇಳಿದರು, ಅವಳು ನಿಂತೇ ಇದ್ದಳು. ಏನಂತ ಹೋಗುವುದು? ಕೈಯಲ್ಲಿ ಗರಗಸವಿಲ್ಲ, ಶೀಶೆಯಿಲ್ಲ. ಮೋನಪ್ಪನವರೇ, ಸುಮ್ಮನೆ ಬಂದೆ ಎನ್ನಲು ಅವಳೇನು ಅವನ ಊರಿನವಳೇ, ನೆಂಟಳೇ? ನಿಮ್ಮಿಂದ ಬಹಳ ಉಪಕಾರವಾಯಿತು, ಇನ್ನು ಬರುವುದಿಲ್ಲ ಎಂದು ಮರ್ಯಾದೆಯಾಗಿ ಹೇಳಿ ಬರಬಹುದಿತ್ತು. ಆ ಮಾತನ್ನು ಅವಳು ಗಾಡಿಯಲ್ಲಿ ಎಷ್ಟೋ ಸಲ ಕಟ್ಟಿದಳು. ಕೊನೆಯ ಶಬ್ದದ ಹತ್ತಿರ ಬಂದಾಗಲೆಲ್ಲ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಗಣಪತಿ ಬಂದು ಹೋದ. ದಸರೆಯ ಗೊಂಬೆ ಇಟ್ಟರು, ತೆಗೆದರು. ವಾರದ ಆ ಎರಡು ಬೆಳಗ್ಗೆಗಳು ಮಾತ್ರ ಹೋಗಲೊಲ್ಲವು. ತಾನು ಈಗ ಅಲ್ಲಿರಬೇಕಿತ್ತು, ಅವನು ಬುಟ್ಟಿ ತಂದು ಎದುರಿಗೆ ಕೂರಬೇಕಿತ್ತು ಎಂದು ಮೈಯೇ ನೆನಪಿಟ್ಟುಕೊಂಡಿತ್ತು. ಅವಳಿಗೆ ಅವನ ದನಿ ಬೇಕಾಗಿತ್ತು. ಆ ಸೊಟ್ಟ ನಗೆ ಬೇಕಾಗಿತ್ತು. ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಕೂತಾಗ ತನ್ನ ಎರಡೂ ಕೈಗಳ ಆಚೆ ಇನ್ನೆರಡು ಕೈಗಳಿಲ್ಲ ಎನ್ನುವುದೇ ಅವಳಿಗೆ ಎದ್ದು ಕಾಣುತ್ತಿತ್ತು. ಈರಣ್ಣನನ್ನು ಏನೂ ಕೇಳಲಿಲ್ಲ. ಅವನು ಮಧ್ಯಾಹ್ನ ಮೀನೂಟ ಮುಗಿಸಿ ಬಂದಾಗ ಅವನ ಅಂಗಿಯಿಂದ ಬರುವ ಸಾರಿನ ವಾಸನೆಗೆ ಈ ಮಡಿವಂತರ ಮನೆಯ ಹೆಣ್ಣು ನೆಪ ಮಾಡಿಕೊಂಡು ಹತ್ತಿರ ಹೋಗಿ ನಿಲ್ಲುತ್ತಿದ್ದಳು. ನಗುವವರು ನಗಲಿ.

ಅಕ್ಟೋಬರಿನಲ್ಲಿ ಮೂರನೆಯ ತೊಟ್ಟಿ ಖಾಲಿ ಮಾಡಿಸಿದರು. ಬರೀ ಉಪ್ಪುನೀರು ಚುಚ್ಚಿಸಿಕೊಂಡ ಮೀನುಗಳ ತೊಟ್ಟಿ. ಈರಣ್ಣ ಬಲೆಯಲ್ಲಿ ಎತ್ತಿಕೊಟ್ಟ ಹೆಣ್ಣುಮೀನನ್ನು ಕೌಸಲ್ಯಾ ಅಂಗೈ ಮೇಲೆ ಮಲಗಿಸಿಕೊಂಡಳು. ಆಷಾಢದಲ್ಲಿ ತುಂಬಿದ್ದ ಹೊಟ್ಟೆ ಒಳಗೆ ಸೇದಿಹೋಗಿತ್ತು. ಮೀನು ಆರೋಗ್ಯವಾಗೇ ಇತ್ತು. ಚೆನ್ನಾಗಿ ಬಾಲ ಬಡಿಯಿತು, ತಿಂಡಿ ಹಾಕಿದರೆ ತಿನ್ನುತ್ತಲೂ ಇತ್ತಂತೆ. ಅದರಲ್ಲಿ ಒಮ್ಮೆ ಏನಿತ್ತು ಎಂದು ಹೇಳುವ ಒಂದು ಗುರುತೂ ಉಳಿದಿರಲಿಲ್ಲ. ಕೌಸಲ್ಯಾಗೆ ಹೆದರಿಕೆಯಾಯಿತು. ಇಷ್ಟು ದಿನ ಅವಳನ್ನು ಕಾಡಿದ್ದು ಅವನಿಲ್ಲವೆಂಬ ನೋವು. ಈ ನೋವೂ ಒಂದು ದಿನ ಕರಗಿಹೋಗಬಹುದು, ತಾನು ಆರೋಗ್ಯವಾಗಿಯೇ ತಿಂದುಂಡು ಇರಬಹುದು ಎಂದು ಅವಳಿಗೆ ಆ ತನಕ ಹೊಳೆದಿರಲಿಲ್ಲ. ಅವಳು ಮೀನನ್ನು ನೀರಿಗೆ ಬಿಟ್ಟು, ಕೈ ತೊಳೆದು, ಮಧ್ಯಾಹ್ನಕ್ಕೇ ರಜೆ ಹಾಕಿ ಹೊರಟಳು.

ಜೋಗೇಶ್ವರಿಯಲ್ಲಿ ಇಳಿದಳು. ಬುಧವಾರವೋ ಗುರುವಾರವೋ, ಅವಳ ವಾರವಲ್ಲ. ಊಟದ ಹೊತ್ತು, ಕಾರ್ಖಾನೆಯ ಜನ ಬೀದಿಯವರೆಗೂ ಸಾಲು ನಿಂತಿದ್ದರು. ಅವಳು ಎಂದಿನಂತೆ ಪಕ್ಕದ ಓಣಿಯಿಂದ ಹಿತ್ತಿಲಿಗೆ ಹೋದಳು. ತಗಡಿನ ಮಾಡಿನಡಿ ಮೋನಪ್ಪ ಒಬ್ಬನೇ ಕೂತಿದ್ದ. ಒಂದು ಕೈಯಲ್ಲಿ ಶಿಂಗಾಳದ ತಲೆ ಅವುಚಿಕೊಂಡು ಇನ್ನೊಂದರಲ್ಲಿ ಬಡಗಿಯ ಗರಗಸ ಹಿಡಿದಿದ್ದ. ಎಡಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಅವಳನ್ನು ಕಂಡು ಎದ್ದು ನಿಂತ.

"ಗಿರಾಕಿಗಳು ಬಿಡುದಿಲ್ಲ ಮೇಡಂ" ಅಂದ, ಕದ್ದು ಸಿಕ್ಕಿಬಿದ್ದವನ ಹಾಗೆ. "ಕಿಟಕಿ ಇಲ್ಲದ ತಲೆ ರುಚಿ ಇಲ್ಲ ಅಂತಾರೆ."

ಅವಳು ಮಣೆಯ ಪಕ್ಕಕ್ಕೆ ನೋಡಿದಳು. ಅಲ್ಲಿ ಉಪ್ಪಿನಕಾಯಿಯ ಗಾಜಿನ ಭರಣಿಯೊಂದಿತ್ತು. ಒಳಗೆ ನೀಲಿ ನೀರು, ನೀರಿನ ತಳದಲ್ಲಿ ಒಂದು ಪದರ ಕಾಳು. ಗಿರಾಕಿಗಳಿಗೆ ಬೇಕಾದದ್ದು ಕಿಟಕಿ. ಕಾಳನ್ನು ತೆಗೆದಿಡು ಎಂದು ಯಾವ ಗಿರಾಕಿಯೂ ಹೇಳುವುದಿಲ್ಲ. ಅವನು ಹಾಕಿಟ್ಟದ್ದು ಪಂಪಿನ ಸ್ಟವ್ ಹೊತ್ತಿಸುವ ನೀಲಿ ಸ್ಪಿರಿಟ್‌ನಲ್ಲಿ. ಅದು ಶುದ್ಧ ಆಲ್ಕೋಹಾಲಲ್ಲ, ಅದರಲ್ಲಿ ಬಿದ್ದ ಕಾಳು ಬೇಗನೆ ಕೆಲಸಕ್ಕೆ ಬಾರದಂತಾಗುತ್ತದೆ. ಕಡಲು ತೆರೆದ ದಿನದಿಂದ ಅವನು ಒಂದೊಂದನ್ನೂ ಆರಿಸಿ ಅದರೊಳಗೆ ಹಾಕಿದ್ದ.

ಅವಳು ತನ್ನ ಹಳೆಯ ಮಣೆಯ ಮೇಲೆ ಕೂತಳು. ಅವನೂ ಎದುರಿಗೆ ಕೂತ.

"ಮೋನಪ್ಪನವರೇ, ನಮಗೆ ಈಗ ಕಾಳು ಬೇಡ. ಆ ಔಷಧಿ ಆಯ್ತು."

"ಗೊತ್ತುಂಟು. ಈರಣ್ಣ ಆಟಿ ತಿಂಗಳ ಮಳೆಯಲ್ಲೇ ಹೇಳಿದ್ದ, ಮೀನು ಮೊಟ್ಟೆ ಇಟ್ಟ ದಿನವೇ. ಪೇಢೆ ಸಹ ತಂದುಕೊಟ್ಟ."

"ಗೊತ್ತಿದ್ದೂ ಇದನ್ನ ಯಾಕೆ ತೆಗೆದಿಟ್ರಿ?"

"ಈರಣ್ಣ ಹೇಳಿದ್ರೆ ಆಗ್ತದಾ? ನೀವು ಬಂದು ಸಾಕು ಅಂತ ಹೇಳ್ಲಿಲ್ಲ ಅಲ್ವಾ?" ಅವನು ಬಟ್ಟೆ ಸುತ್ತಿದ ಬೆರಳನ್ನೇ ನೋಡಿಕೊಳ್ಳುತ್ತಿದ್ದ. ಹಾಗೇ ಕೇಳಿದ: "ಇವತ್ತು ಅದನ್ನೇ ಹೇಳ್ಲಿಕ್ಕೆ ಬಂದದ್ದಾ ಮೇಡಂ?"

ಕೌಸಲ್ಯಾ ತಲೆಯೆತ್ತಿ ಅವನ ಮುಖ ನೋಡಿದಳು. ಮೂರು ವರ್ಷದಲ್ಲಿ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

"ಅಲ್ಲ. ಸಾಕು ಅಂತ ಹೇಳೋಕೆ ನನ್ನಿಂದ ಆಗಲ್ಲ. ಅದಕ್ಕೇ ಇಷ್ಟು ದಿನ ಬರಲಿಲ್ಲ."

ಒಳಗಿನಿಂದ ಕಾಂತಪ್ಪ "ಅಣ್ಣಾ, ಗಲ್ಲಾದ ಹತ್ರ ಜನ ಕಾಯ್ತಾ ಉಂಟು" ಎಂದು ಕೂಗಿದ. ಮತ್ತೊಮ್ಮೆ ಕೂಗಿದ. ಮೋನಪ್ಪ ಏಳಲಿಲ್ಲ.